ಸತ್ಯವೇದದ ಕಥೆಗೆ ನಾಟ್ಯದ ಭಾಷೆ

ರೋಣ, ನರಗುಂದ, ಗಜೇಂದ್ರಗಡದ ಕಡೆಯವರಿಗೆ ದೊಡ್ಡಾಟದ ಪರಿಚಯ ಮಾಡಿಕೊಡಬೇಕಾಗಿಲ್ಲ. ಪುರಾಣವನ್ನು ಓದಲಾರದವರೂ ಆಟವನ್ನು ನೋಡಿ ಕಥೆಯನ್ನು ಬಲ್ಲವರಾದರು. ನಮಗೆ ಸಮೀಪದ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ನೆಲೆಸಿದರು. ಅದೇ ಮಿಶನ್ನಿನ ಕಿಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ಕನ್ನಡ ಪದ್ಯದಲ್ಲಿ ಹೆಣೆದರು. ಆದರೆ ಹಾಡಿಗೆ ದೊರೆತ ಸ್ಥಾನವು ಆರಾಧನೆಯಲ್ಲಿ ನಾಟ್ಯಕ್ಕೆ ದೊರೆಯಲಿಲ್ಲ.

ಸತ್ಯವೇದವು ಕುಣಿತವನ್ನು ಬಲ್ಲದು. ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳೂ ಸ್ತ್ರೀಯರೂ ದಮ್ಮಡಿ ಬಡಿಯುತ್ತ ಕುಣಿದರು. ದಾವೀದರಸನು ದೇವರ ಮಂಜೂಷದ ಮುಂದೆ ಕುಣಿದನು. ಕಿಟಕಿಯಿಂದ ಅದನ್ನು ಕಂಡ ರಾಣಿ ಮೀಕಲಳು ಅವನನ್ನು ತಾತ್ಸಾರ ಮಾಡಿದಳು. ಕುಣಿತವು ಘನತೆಗೆ ಕುಂದೆಂಬ ಆಕ್ಷೇಪಣೆ ಅಷ್ಟು ಹಳೆಯದು!

1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ತರುವಾಯ ಕ್ಯಾಥೋಲಿಕರಲ್ಲಿ ದೇಶೀಯ ರೀತಿಗಳಿಗೆ ಬಾಗಿಲು ತೆರೆಯಿತು. ಭಾರತದ ಪೂಜಾವಿಧಿಗೆ ಪಂಚಾಂಗ ಪ್ರಣಾಮ, ಆರತಿ ಮೊದಲಾದ 12 ಅಂಶಗಳನ್ನು ಸೇರಿಸಲು 1969ರಲ್ಲಿ ರೋಮಿನ ಒಪ್ಪಿಗೆ ಬಂದಿತು. ಬೆಂಗಳೂರಿನಲ್ಲಿ ಅಮಲೋರ್ಪವದಾಸ್ ಅವರು ಕಟ್ಟಿದ ರಾಷ್ಟ್ರೀಯ ಕೇಂದ್ರವು ಭಾರತೀಯ ಸಂಗೀತ, ನೃತ್ಯ, ಚಿತ್ರಗಳನ್ನು ಆರಾಧನೆಗೆ ಬಳಸಿಕೊಂಡಿತು.

ನಾಟ್ಯವು ಕಥೆ ಹೇಳುವುದು ಹೇಗೆ? ತಪ್ಪಿಹೋದ ಮಗನ ಸಾಮತಿಯನ್ನೇ ನೋಡಿರಿ. ಒಬ್ಬ ನರ್ತಕನೇ ಮಗನಾಗಿ ತಲೆತಗ್ಗಿಸಿ ಬರುವನು. ಮರುಕ್ಷಣ ಹೊರಳಿ, ತಂದೆಯಾಗಿ ಹುಬ್ಬಿಗೆ ಕೈಯಿಟ್ಟು ದಾರಿ ನೋಡುವನು. ಹಾಡುಗಾರನು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿರಲು, ನರ್ತಕನು ಪ್ರತಿಸಲವೂ ಹೊಸ ಭಾವವನ್ನು ತೋರುವನು. ಓದುವಾಗ ನಾವು ಬೇಗನೆ ದಾಟಿಹೋಗುವ ಆ ಕಾಯುವಿಕೆಯಲ್ಲಿ ಸಭೆಯು ಒಂದು ಗಳಿಗೆ ನಿಲ್ಲುವುದು.

ತೊಡಕು ಹಸ್ತಗಳಲ್ಲಿದೆ. ‘ಅಭಿನಯದರ್ಪಣ’ದ ದೇವಹಸ್ತಗಳು ಬ್ರಹ್ಮ, ಶಂಭು, ವಿಷ್ಣು ಮೊದಲಾದವರಿಗೆ ಮೀಸಲು. ಅವನ್ನೇ ಯೇಸುವಿಗೆ ಅಂಟಿಸಿದರೆ ಎರಡು ಕಡೆಗೂ ಅನ್ಯಾಯ. ಬರೋಡದಲ್ಲಿ ಭರತನಾಟ್ಯವನ್ನು ಅಭ್ಯಾಸಮಾಡಿದ ಕ್ರೈಸ್ತಗುರು ಫ್ರಾನ್ಸಿಸ್ ಬಾರ್ಬೋಜರು ಇದನ್ನರಿತು ತಂದೆ, ಮಗ, ಪವಿತ್ರಾತ್ಮ, ಶಿಲುಬೆಗಳಿಗೆ ಹೊಸ ಹಸ್ತಗಳನ್ನು ರೂಪಿಸಿದರು. 1990ರಲ್ಲಿ ಈ ವಿಷಯವಾಗಿ ಗ್ರಂಥವನ್ನೂ ಪ್ರಕಟಿಸಿದರು. ವ್ಯಾಕರಣವು ಹಳೆಯದು, ಪದಗಳು ಹೊಸವು. ಕನ್ನಡವೂ ಹೀಗೆಯೇ ಬೆಳೆದು ಬಂದಿದೆಯಲ್ಲವೆ?

ಇದು ಪರಧರ್ಮದ ಅನುಕರಣವೆಂದು ಕೆಲವು ಕ್ರೈಸ್ತರೂ, ತಮ್ಮ ಕಲೆಯ ಅಪಹರಣವೆಂದು ಕೆಲವು ಹಿಂದೂಗಳೂ ಶಂಕಿಸುವುದುಂಟು. ಇಬ್ಬರ ಮಾತಿಗೂ ಕಿವಿಗೊಡಬೇಕು. ಆದರೆ ಒರೆಗಲ್ಲು ಸರಳವಾದುದು: ಕುಣಿತ ಮುಗಿದಾಗ ಸಭೆಯ ಮನಸ್ಸಿನಲ್ಲಿ ಉಳಿದವರು ಯಾರು? ನರ್ತಕನಾದರೆ ಅದು ಪ್ರದರ್ಶನ. ದಾರಿ ಕಾಯುವ ಆ ತಂದೆಯಾದರೆ ಅದು ಆರಾಧನೆ.