ಗಣಿಯ ಸೆಳೆತವೂ ಓಟದ ಸೆಳೆತವೂ

ದೂರದ ಓಟದಲ್ಲಿ ತೊಡಗಿದವನ ಮೀನಖಂಡವು ಇದ್ದಕ್ಕಿದ್ದಂತೆ ಗಂಟುಕಟ್ಟಿ ಕಲ್ಲಿನಂತಾಗಿ, ಮುಂದಿನ ಹೆಜ್ಜೆಯನ್ನು ಇಡಗೊಡದೆ ಅವನನ್ನು ನೆಲಕ್ಕೆ ಕೂರಿಸುವ ಬಾಧೆಗೆ ಕನ್ನಡದಲ್ಲಿ 'ಸೆಳೆತ'ವೆಂದು ಹೆಸರು. 'ನರ ಎಳೆಯಿತು', 'ಕಾಲು ಹಿಡಿದುಕೊಂಡಿತು', 'ಸೆಟೆದುಕೊಂಡಿತು' ಎಂಬ ಮಾತುಗಳೂ ಇದೇ ಅರ್ಥದಲ್ಲಿ ಬಳಕೆಯಲ್ಲಿವೆ. ತಮಿಳಿನ 'ಪಿಡಿಪ್ಪು' ನಮ್ಮ ಹಳಗನ್ನಡದ 'ಪಿಡಿ' ಧಾತುವಿನ ಒಡಹುಟ್ಟು. ಈ ಮಾತುಗಳೆಲ್ಲವೂ ಬಾಧೆಯ ಹೊರರೂಪವನ್ನು ವರ್ಣಿಸುತ್ತವೆಯೇ ಹೊರತು ಅದರ ಕಾರಣವನ್ನು ಹೇಳುವುದಿಲ್ಲ. ಕಾರಣವನ್ನು ಕೇಳಿದರೆ ಮಾತ್ರ ಈಚಿನ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ ಬರುತ್ತದೆ: 'ಬೆವರಿನಲ್ಲಿ ಉಪ್ಪೂ ನೀರೂ ಹೋಗಿದೆ, ಕುಡಿಯಬೇಕು.' ಈ ಉತ್ತರ ಹುಟ್ಟಿದ್ದು ಓಟದ ಬಯಲಿನಲ್ಲಲ್ಲ, ಆಳವಾದ ಗಣಿಗಳಲ್ಲಿ. ಗಣಿಯಲ್ಲಿ ಸರಿಯಾಗಿದ್ದ ಮಾತು ಓಟಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ. ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲವೆಂಬುದು ಮುಂದೆ ತಿಳಿದುಬರುವುದು; ಈ ಎರಡನ್ನೂ ಒಂದೆಂದು ಬಗೆದದ್ದರಿಂದ ಪ್ರಾಣಹಾನಿಯೂ ಆಗಿದೆ.

ವಿಚಾರಕ್ಕೆ ತಕ್ಕ ಸ್ಥಳ ನಮ್ಮ ನಾಡಿನಲ್ಲಿಯೇ ಉಂಟು. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಸುಮಾರು ೧೬ ಕಿಲೋಮೀಟರಿನ ಕವಲು ರೈಲುದಾರಿಯ ಮೇಲೆ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಸಾಲಾಗಿ ಬರುತ್ತವೆ. ಸಮುದ್ರಮಟ್ಟಕ್ಕೆ ಸುಮಾರು ೮೫೦ ಮೀಟರ್ ಎತ್ತರದ ಬಯಲುಸೀಮೆಯಾದುದರಿಂದ ಇಲ್ಲಿಯ ಬೇಸಗೆ ಕಡುವಾಗಿದ್ದರೂ ಗಾಳಿ ಒಣದು. ನೆರಳು ಕಡಮೆ; ಗಣಿಯ ಅರೆದ ಕಲ್ಲನ್ನು ಸುರಿದು ಬೆಳೆದ ಬೂದುಬಣ್ಣದ ದಿಬ್ಬಗಳನ್ನು ಜನರು ಇಂದಿಗೂ ಸಯನೈಡ್ ದಿಬ್ಬಗಳೆನ್ನುತ್ತಾರೆ. ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯ ಕೈಸೇರಿದ ಈ ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರದ ಆಡಳಿತಕ್ಕೆ ಬಂದು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿಹೋದುವು. ಚಾಂಪಿಯನ್ ರೀಫ್ ಗಣಿಯು ೩ ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದಿತ್ತು. ಆ ತಳದಲ್ಲಿ ಬಂಡೆಯ ಶಾಖವೇ ಸುಮಾರು ೬೫ ಡಿಗ್ರಿ ಸೆಂಟಿಗ್ರೇಡ್. ತಣ್ಣಗಾಳಿಯನ್ನು ಕೆಳಕ್ಕೆ ನೂಕಿದರೂ, ಬೈರಿಗೆಗೆ ಬಿಡುವ ನೀರು ಆವಿಯಾಗಿ ಗಾಳಿಯಲ್ಲಿ ತುಂಬಿಕೊಳ್ಳುತ್ತಿತ್ತು. ಮೇಲೆ ಒಣಬಿಸಿಲು, ಕೆಳಗೆ ಒದ್ದೆಬಿಸಿ: ಒಂದೇ ಊರಿನಲ್ಲಿ ಎರಡು ಬಗೆಯ ಉಷ್ಣ.

ಈ ಭೇದ ಮುಖ್ಯವಾದುದು. ದುಡಿಯುವ ದೇಹವು ತನ್ನ ಶಾಖವನ್ನು ಹೊರಹಾಕುವುದು ಬಹುಮಟ್ಟಿಗೆ ಬೆವರು ಆರುವುದರಿಂದ. ೧ ಲೀಟರು ಬೆವರು ಮೈಮೇಲೆ ಪೂರ್ತಿಯಾಗಿ ಆರಿದರೆ ಸುಮಾರು ೫೮೦ ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಆರದೆ ತೊಟ್ಟಿಕ್ಕಿದ ಬೆವರಿನಿಂದ ಪ್ರಯೋಜನವಿಲ್ಲ, ನಷ್ಟ ಮಾತ್ರ ಉಂಟು. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ ಏನು ತೋರಿಸುವುದೋ ಅದೇ ದುಡಿಯುವವನ ಪಾಲಿಗೆ ನಿಜವಾದ ಉಷ್ಣವೆಂದು ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ ೧೯೦೫ರಲ್ಲಿಯೇ ಸ್ಥಾಪಿಸಿದನು. ಗಾಳಿಯಾಡದೆಡೆಯಲ್ಲಿ ಈ ಮಾಪಕ ೩೧ ಡಿಗ್ರಿಯನ್ನು ಮುಟ್ಟಿದರೆ, ಸೊಂಟದಿಂದ ಮೇಲೆ ಬಟ್ಟೆಯಿಲ್ಲದೆ ಸುಮ್ಮನೆ ಕುಳಿತವನಿಗೂ ಮೈಕಾವು ಏರತೊಡಗುತ್ತದೆ. ಬಲವಾಗಿ ದುಡಿಯುವವನಿಗೆ ಈ ಎಲ್ಲೆ ಇನ್ನೂ ಕೆಳಗಿದೆ. ನಮ್ಮ ಗಣಿಗಳಲ್ಲಿಯೂ ಇಂತಹ ಪರಿಶೀಲನೆಗಳು ನಡೆದುವು. ಕೋಲಾರದ ಗಣಿಯಲ್ಲಿ ಕೆಲಸಮಾಡುತ್ತ ಕುಸಿದುಬಿದ್ದವರ ವಿಷಯವಾಗಿ ಎ. ಕ್ಯಾಪ್ಲನ್ ಬರೆದ ವಿಮರ್ಶಾತ್ಮಕ ಲೇಖನವು ೧೯೪೩–೪೪ರಲ್ಲಿ ಲಂಡನ್ನಿನ ಗಣಿಶಾಸ್ತ್ರ ಸಂಸ್ಥೆಯ ಪ್ರಕಟನೆಗಳಲ್ಲಿ ಬಂದಿತು. ಅನಂತರ ೧೯೪೬ರಲ್ಲಿ ಅವರೂ ಜೆ. ಕೆ. ಲಿಂಡ್ಸೆಯವರೂ ಸೇರಿ, ಉಷ್ಣವೇರಿದಂತೆ ಆಳುಗಳ ಕಾರ್ಯಸಾಮರ್ಥ್ಯ ಹೇಗೆ ಇಳಿಯುವುದೆಂಬುದನ್ನು ಕುರಿತ ಪ್ರಯೋಗಗಳನ್ನು ಪ್ರಕಟಿಸಿದರು. ಶಾಖದಲ್ಲಿ ಮನುಷ್ಯದೇಹ ಪಡುವ ಪಾಡನ್ನು ಲೋಕಕ್ಕೆ ತಿಳಿಸಿದ ಸ್ಥಳಗಳಲ್ಲಿ ನಮ್ಮ ಕೋಲಾರವೂ ಒಂದೆಂಬುದನ್ನು ನಾವು ಮರೆತಿದ್ದೇವೆ. ಅಲ್ಲಿ ತೂಗಲ್ಪಟ್ಟದ್ದು ಚಿನ್ನವೊಂದೇ ಅಲ್ಲ.

ಇನ್ನು ಸೆಳೆತದ ವಿಷಯ. ಲ್ಯಾಂಕಷೈರಿನ ಆಳವಾದ ಕಲ್ಲಿದ್ದಲ ಗಣಿಯಲ್ಲಿ ದುಡಿಯುವವರನ್ನು ಕುರಿತು ಕೆ. ನೆವಿಲ್ ಮಾಸ್ ೧೯೨೩ರಲ್ಲಿ ಒಂದು ಪ್ರಬಂಧವನ್ನು ಬರೆದನು. ಆ ಆಳುಗಳು ಬೆವರುತ್ತ ಬೆವರುತ್ತ ಬರಿಯ ನೀರನ್ನು ಹೊಟ್ಟೆತುಂಬ ಕುಡಿಯುತ್ತಿದ್ದರು. ಅವರ ಕೈ, ಕಾಲು, ಹೊಟ್ಟೆಯ ಸ್ನಾಯುಗಳು ಬಲವಾಗಿ ಸೆಳೆಯುತ್ತಿದ್ದುವು. ಕುಡಿಯುವ ನೀರಿಗೆ ಸ್ವಲ್ಪ ಉಪ್ಪನ್ನು ಬೆರೆಸಿಕೊಟ್ಟಾಗ ಸೆಳೆತ ನಿಂತಿತು. ನೀರು ಸಾಲದೆ ಈ ಬಾಧೆ ಬಂದುದಲ್ಲ, ಉಪ್ಪು ಹೋದ ಮೈಗೆ ಬರಿಯ ನೀರನ್ನು ಹೊಯ್ದುದರಿಂದ ಬಂದುದೆಂದು ಹಾಲ್ಡೇನ್ ಇದನ್ನು ವ್ಯಾಖ್ಯಾನಿಸಿದನು. ಅವನು ಇದನ್ನು ಒಂದು ಬಗೆಯ 'ನೀರಿನ ವಿಷ'ವೆಂದೇ ಕರೆದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ. ಅಮೆರಿಕದಲ್ಲಿ ಕೊಲರಾಡೋ ನದಿಗೆ ಅಣೆಕಟ್ಟನ್ನು ಕಟ್ಟುತ್ತಿದ್ದಾಗ ಮರುಭೂಮಿಯ ಬಿಸಿಲಿನಲ್ಲಿ ದುಡಿದವರಿಗೆ ಇದೇ ಬಾಧೆಯುಂಟಾಗಿ, ಹಾರ್ವರ್ಡಿನ ವಿದ್ವಾಂಸರು ೧೯೩೨ರ ಬೇಸಗೆಯಲ್ಲಿ ಅಲ್ಲಿ ಹೋಗಿ ಪರೀಕ್ಷಿಸಿದರು; ಫಲ ಅದೇ ಆಯಿತು. ಆರ್. ಎ. ಮೆಕ್ಯಾನ್ಸ್ ಎಂಬ ವೈದ್ಯನಂತೂ ತಾನೂ ತನ್ನ ಜೊತೆಯವರೂ ಉಪ್ಪಿಲ್ಲದ ಊಟಮಾಡಿ, ಬೆವರು ಸುರಿಸಿ, ಸ್ವಂತ ಮೈಮೇಲೆಯೇ ಲವಣಕ್ಷಯವನ್ನು ಬರಿಸಿಕೊಂಡು ೧೯೩೬ರಲ್ಲಿ ಅದರ ಲಕ್ಷಣಗಳನ್ನು ಬರೆದಿಟ್ಟನು. ಸೆಳೆತವೂ ಅವುಗಳಲ್ಲೊಂದು.

ನಮ್ಮ ಪ್ರಾಚೀನರು ಈ ಬಾಧೆಯನ್ನು ಕಾಣದೆ ಇರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಣಿಸಿರುವ ಎಂಬತ್ತು ವಾತವಿಕಾರಗಳಲ್ಲಿ 'ಪಿಂಡಿಕೋದ್ವೇಷ್ಟನ', ಎಂದರೆ ಮೀನಖಂಡದ ಹಿಂಡುವಿಕೆ, ಒಂದು. ಚಿಕಿತ್ಸಾಸ್ಥಾನದ ವಾತವ್ಯಾಧಿಯ ಪ್ರಕರಣದಲ್ಲಿ ಕಾಲು, ಕಣಕಾಲು, ತೊಡೆ, ಕೈಬುಡಗಳನ್ನು ತಿರುಚುವ ನೋವಿಗೆ 'ಖಲ್ಲೀ' ಎಂಬ ಹೆಸರಿದೆ. ವಿಷೂಚಿಯಲ್ಲಿ, ಎಂದರೆ ವಾಂತಿಭೇದಿಯಲ್ಲಿ, ಬರುವ ಖಲ್ಲೀಶೂಲಕ್ಕೆ ಸೈಂಧವ ಲವಣವನ್ನು ಹುಳಿ, ಎಣ್ಣೆಗಳೊಡನೆ ಅರೆದು ಉಜ್ಜಬೇಕೆಂದು ಚಕ್ರದತ್ತದಲ್ಲಿ ಹೇಳಿದೆ. ವಾಂತಿಭೇದಿಯಲ್ಲಿ ದೇಹದ ಉಪ್ಪೂ ನೀರೂ ಕೆಲವೇ ಗಂಟೆಗಳಲ್ಲಿ ಹರಿದುಹೋಗುವುದರಿಂದ, ಅಲ್ಲಿಯ ಸೆಳೆತವೂ ಗಣಿಯ ಸೆಳೆತವೂ ಬಹುಮಟ್ಟಿಗೆ ಒಂದೇ ಕುಲದವು. ಉಪ್ಪನ್ನು ಹೊರಗೆ ಹಚ್ಚಿದುದರಿಂದ ಒಳಗಿನ ಕೊರತೆ ತುಂಬುವುದಿಲ್ಲವೆಂಬುದು ನಿಜವೇ. ಆದ್ದರಿಂದ ಹಳೆಯ ಗ್ರಂಥದಲ್ಲಿ ಹೊಸ ಶಾಸ್ತ್ರವನ್ನು ಕಂಡೆವೆಂದು ಹಿಗ್ಗುವುದು ಬೇಡ.

ಇಲ್ಲಿಯವರೆಗೆ ಹೇಳಿದುದರಿಂದ ಉಪ್ಪಿನ ವಾದ ಸಿದ್ಧವಾದಂತೆಯೇ ತೋರುತ್ತದೆ. ಆದರೆ ಓಟಗಾರನ ಸೆಳೆತವನ್ನು ಹತ್ತಿರದಿಂದ ನೋಡಿದರೆ ಅದರ ನಡತೆಯೇ ಬೇರೆ. ಗಣಿಯವನ ಸೆಳೆತ ಮೈಯೆಲ್ಲ ಅಲೆಯುತ್ತದೆ. ಒಮ್ಮೆ ತೋಳು, ಒಮ್ಮೆ ಹೊಟ್ಟೆ, ಒಮ್ಮೆ ತೊಡೆ. ಅನೇಕವೇಳೆ ಪಾಳಿ ಮುಗಿದು ಮೇಲಕ್ಕೆ ಬಂದಮೇಲೆ, ನೀರು ಕುಡಿದಮೇಲೆ ಕಾಣಿಸಿಕೊಳ್ಳುತ್ತದೆ. ಓಟಗಾರನದಾದರೋ ದುಡಿದ ಸ್ನಾಯುವಿನಲ್ಲಿಯೇ ಬರುತ್ತದೆ: ಮೀನಖಂಡ, ತೊಡೆಯ ಹಿಂಭಾಗ, ತೊಡೆಯ ಮುಂಭಾಗ. ಓಟದ ಕೊನೆಯ ಭಾಗದಲ್ಲಿ, ಅದರಲ್ಲಿಯೂ ಅಭ್ಯಾಸಕ್ಕೆ ಮೀರಿದ ವೇಗದಲ್ಲಿ ಓಡಿದವರಿಗೆ ಹೆಚ್ಚು. ಚಳಿಯಲ್ಲಿ ಓಡಿದವರಿಗೂ ಬರುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಆ ಸ್ನಾಯುವನ್ನು ಮೆಲ್ಲನೆ ನೀಡಿ ಎಳೆದರೆ ಕೂಡಲೇ ಬಿಡುತ್ತದೆ. ರಕ್ತದಲ್ಲಿ ಉಪ್ಪು ಇಳಿದುದೇ ಕಾರಣವಾಗಿದ್ದರೆ, ಒಂದು ಕಾಲಿನ ಒಂದೇ ಸ್ನಾಯು ಏಕೆ ಹಿಡಿಯಬೇಕು? ಹೆಬ್ಬೆರಳನ್ನು ಹಿಡಿದೆಳೆದರೆ ಉಪ್ಪು ಎಲ್ಲಿಂದ ಬಂದೀತು?

ಈ ಪ್ರಶ್ನೆಗಳನ್ನು ದಕ್ಷಿಣ ಆಫ್ರಿಕದ ಮಾರ್ಟಿನ್ ಷ್ವೆಲ್ನಸ್ ಎಂಬ ವೈದ್ಯರು ೧೯೯೭ರಲ್ಲಿ ಎತ್ತಿ ಬೇರೊಂದು ವಾದವನ್ನು ಮುಂದಿಟ್ಟರು. ಸ್ನಾಯುವಿನೊಳಗೆ ಅದನ್ನು ಬಿಗಿಯೆಂದು ಪ್ರೇರಿಸುವ ಜ್ಞಾನಾಂಗಗಳುಂಟು. ಸ್ನಾಯು ಎಲುಬಿಗೆ ಕಟ್ಟಿಕೊಳ್ಳುವ ರಜ್ಜುವಿನಲ್ಲಿ ಸಾಕು, ಸಡಿಲವಾಗೆಂದು ತಡೆಯುವ ಜ್ಞಾನಾಂಗಗಳುಂಟು. ದಣಿದ ಸ್ನಾಯುವಿನಲ್ಲಿ ಮೊದಲನೆಯವುಗಳ ಕೂಗು ಹೆಚ್ಚಿ ಎರಡನೆಯವುಗಳ ತಡೆ ಕುಗ್ಗುವುದರಿಂದ, ಬೆನ್ನುಹುರಿಯಿಂದ ಹೊರಡುವ ಆಜ್ಞೆ ನಿಲ್ಲದೆ ಹರಿದು ಸ್ನಾಯು ಗಂಟುಕಟ್ಟುತ್ತದೆಂಬುದು ಅವರ ಮತ. ನೀಡಿ ಎಳೆದಾಗ ರಜ್ಜುವಿನ ತಡೆ ಮರಳಿ ಎಚ್ಚರಗೊಳ್ಳುತ್ತದೆ. ಕೇಪ್‌ಟೌನಿನಲ್ಲಿ ನಡೆಯುವ ೫೬ ಕಿಲೋಮೀಟರಿನ ಓಟದಲ್ಲಿ ಸೆಳೆತ ಬಂದವರನ್ನೂ ಬಾರದವರನ್ನೂ ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರಕ್ತದ ಲವಣಗಳಲ್ಲಾಗಲಿ ನೀರಿನ ನಷ್ಟದಲ್ಲಾಗಲಿ ಸೆಳೆತಕ್ಕೆ ಕಾರಣವೆನ್ನಬಹುದಾದ ವ್ಯತ್ಯಾಸ ಕಂಡುಬರಲಿಲ್ಲ. ೨೦೧೦ರಲ್ಲಿ ಅಮೆರಿಕದ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು ಮಾಡಿದ ಪ್ರಯೋಗವೊಂದು ಇನ್ನೂ ಸ್ವಾರಸ್ಯವಾದುದು. ವಿದ್ಯುತ್ತಿನಿಂದ ಬರಿಸಿದ ಸೆಳೆತವು, ಸೌತೆಕಾಯಿಯನ್ನು ಉಪ್ಪುಹುಳಿಯಲ್ಲಿ ನೆನೆಸಿದ ನೀರನ್ನು ಕುಡಿದವರಲ್ಲಿ ಬರಿಯ ನೀರು ಕುಡಿದವರಿಗಿಂತ ಬೇಗ, ಒಂದೂವರೆ ನಿಮಿಷದೊಳಗಾಗಿ, ಇಳಿಯಿತು. ರಕ್ತದ ಲವಣ ಮಾತ್ರ ಅಷ್ಟರಲ್ಲಿ ಬದಲಾಗಿರಲಿಲ್ಲ. ಹುಳಿಯ ಚುರುಕು ಗಂಟಲಿನ ನರಗಳ ಮೂಲಕ ಬೆನ್ನುಹುರಿಗೆ ಒಂದು ತಡೆಯನ್ನು ಕಳುಹುತ್ತದೆಂದು ಊಹೆ.

ಹಾಗಾದರೆ ಉಪ್ಪಿನ ವಾದ ಸುಳ್ಳೇ? ಅಲ್ಲ. ಎರಡು ಪಕ್ಷದವರೂ ತಮ್ಮ ಕಣ್ಣಿಗೆ ಬಿದ್ದುದನ್ನೇ ಸರ್ವಸ್ವವೆಂದು ಸಾಧಿಸಹೊರಟಿರುವರೆಂದು ನನ್ನ ಅಭಿಪ್ರಾಯ. ಸೆಳೆತದಲ್ಲಿ ಎರಡು ಬಗೆಯುಂಟು; ಒಂದನ್ನು 'ಉಪ್ಪಿನ ಕೊರೆಯ ಸೆಳೆತ'ವೆಂದೂ ಇನ್ನೊಂದನ್ನು 'ದಣಿವಿನ ಸೆಳೆತ'ವೆಂದೂ ಕರೆಯಬಹುದು. ಇದಕ್ಕಿಂತ ಒಳ್ಳೆಯ ಹೆಸರುಗಳನ್ನು ಬಲ್ಲವರು ಸೂಚಿಸಿದರೆ ಉಪಕಾರವಾಗುತ್ತದೆ. 'ಖಲ್ಲೀ' ಶಬ್ದವನ್ನು ಎರಡಕ್ಕೂ ಸಾಮಾನ್ಯವಾಗಿ ಇಟ್ಟುಕೊಳ್ಳಲಡ್ಡಿಯಿಲ್ಲ. ಒಬ್ಬ ಓಟಗಾರನಲ್ಲಿ ಇವೆರಡೂ ಸೇರಿಬರುವ ಸಂಭವವೂ ಇದೆ. ಬೆವರಿನ ಉಪ್ಪು ಎಲ್ಲರಿಗೂ ಒಂದೇ ಸಮವಲ್ಲ: ಒಬ್ಬನ ಬೆವರಿನಲ್ಲಿ ಲೀಟರಿಗೆ ೧ ಗ್ರಾಮು ಇದ್ದರೆ ಇನ್ನೊಬ್ಬನದರಲ್ಲಿ ೪ ಗ್ರಾಮಿನವರೆಗೂ ಇರುವುದುಂಟು. ಒಣಗಿದಮೇಲೆ ಅಂಗಿಯ ಮೇಲೆ ಬಿಳಿಯ ಗೆರೆ ಬಿಡುವವರು ಈ ಎರಡನೆಯ ಗುಂಪಿನವರು. ಬಿಸಿಲೂ ದಣಿವಿನ ಸೆಳೆತಕ್ಕೆ ನೆರವಾಗುತ್ತದೆ; ಏಕೆಂದರೆ ಮೈಯನ್ನು ತಣಿಸಲು ರಕ್ತವು ಚರ್ಮದ ಕಡೆಗೆ ಹರಿಯುವುದರಿಂದ ಹೃದಯದ ಹೊರೆ ಏರಿ, ಅದೇ ವೇಗದಲ್ಲಿ ಓಡಿದರೂ ದಣಿವು ಬೇಗ ಬರುತ್ತದೆ. ಬೆಂಗಳೂರಿನ ೧೦ ಕಿಲೋಮೀಟರಿನ ಓಟವು ೨೦೦೮ರಲ್ಲಿ ಮೇ ತಿಂಗಳಲ್ಲಿಯೇ ಆರಂಭವಾದುದನ್ನು ನೋಡಿದರೆ, ನಮ್ಮವರು ಬಿಸಿಲಿನಲ್ಲಿ ಓಡದೆ ಬಿಡುವವರಲ್ಲ.

ಈ ಭೇದವನ್ನು ಅರಿಯದಿದ್ದರೆ ಆಗುವ ಅನರ್ಥವೇನು? ದಣಿವಿನಿಂದ ಸೆಳೆತ ಬಂದವನಿಗೆ ಸುತ್ತಲಿನವರು ನೀರನ್ನು ಕುಡಿಸುತ್ತಾರೆ. ಅವನೂ ಭಯದಿಂದ ಕುಡಿಯುತ್ತ ಹೋಗುತ್ತಾನೆ. ಬಾಯಾರಿಕೆಗಿಂತ ಮುಂಚೆಯೇ ಆದಷ್ಟು ಕುಡಿಯಿರೆಂದು ಓಟಗಾರರಿಗೆ ಉಪದೇಶಿಸುತ್ತಿದ್ದ ಕಾಲವೊಂದಿತ್ತು. ೨೦೦೨ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತಪರೀಕ್ಷೆಗೆ ಒಳಗಾದ ೪೮೮ ಜನರಲ್ಲಿ ನೂರಕ್ಕೆ ೧೩ ಜನರ ಸೋಡಿಯಂ ಇರಬೇಕಾದುದಕ್ಕಿಂತ ಇಳಿದಿತ್ತು. ಆ ವರ್ಷ ಅಲ್ಲಿ ಒಬ್ಬ ಯುವತಿ ಇದೇ ಕಾರಣದಿಂದ ತೀರಿಕೊಂಡಳು. ರಕ್ತ ತೆಳುವಾದಾಗ ನೀರು ಮಿದುಳಿಗೆ ನುಗ್ಗಿ ಅದು ಬಾತುಕೊಳ್ಳುತ್ತದೆ. ಹಾಲ್ಡೇನ್ ೧೯೨೩ರಲ್ಲಿ ಎಚ್ಚರಿಸಿದ ನೀರಿನ ವಿಷವೇ ಇದು. ಗಣಿಯ ಪಾಠದಲ್ಲಿ 'ಕುಡಿಯಬೇಕು' ಎಂಬ ಅರ್ಧ ಮಾತ್ರ ಓಟದ ಬಯಲಿಗೆ ತಲುಪಿ, 'ಬರಿಯ ನೀರು ಬೇಡ' ಎಂಬ ಇನ್ನರ್ಧ ದಾರಿಯಲ್ಲಿ ಉದುರಿಹೋದುದು ವಿಚಿತ್ರವಾಗಿದೆ.

ಆದಕಾರಣ ಬೇಸಗೆಯಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪದವರೆಗೆ ಓಡಿ ಹಿಂದಿರುಗಬೇಕೆಂಬ ಉತ್ಸಾಹಿ ಮೊದಲು ಹತ್ತು ಹದಿನಾಲ್ಕು ದಿನ ಬಿಸಿಲಿನಲ್ಲಿ ಕೊಂಚಕೊಂಚವಾಗಿ ಓಡಿ ಮೈಯನ್ನು ಒಗ್ಗಿಸಿಕೊಳ್ಳತಕ್ಕದ್ದು. ಒಗ್ಗಿದ ಮೈ ಹೆಚ್ಚು ಬೆವರಿದರೂ ಬೆವರಿನಲ್ಲಿ ಉಪ್ಪನ್ನು ಕಡಮೆ ಬಿಡುತ್ತದೆ. ವೇಗವನ್ನು ತಗ್ಗಿಸುವುದು ದಣಿವಿನ ಸೆಳೆತಕ್ಕೆ ಎಲ್ಲಕ್ಕಿಂತ ದೊಡ್ಡ ಮದ್ದು. ಬಾಯಾರಿದಾಗ, ಬಾಯಾರಿದಷ್ಟೇ ಕುಡಿಯಬೇಕು. ಓಟ ಗಂಟೆಗಟ್ಟಲೆ ಸಾಗುವುದಾದರೆ ಉಪ್ಪುಹಾಕಿದ ಮಜ್ಜಿಗೆ, ಗಂಜಿ, ರಾಗಿಯ ಅಂಬಲಿ ಇವುಗಳಲ್ಲೊಂದು ಬರಿಯ ನೀರಿಗಿಂತ ಮೇಲು. ಆದರೆ ಇವುಗಳನ್ನೂ ಮಿತಿಮೀರಿ ಕುಡಿದರೆ ರಕ್ಷಣೆಯಿಲ್ಲ. ಮೀನಖಂಡ ಹಿಡಿದರೆ ನಿಂತು, ಮೊಣಕಾಲನ್ನು ನೇರಮಾಡಿ, ಕಾಲ್ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆದು ಅರೆನಿಮಿಷ ಹಿಡಿದಿರಬೇಕು. ಬಿಟ್ಟರೆ ಅದು ದಣಿವಿನದು, ನಡೆಯುತ್ತ ಮುಂದುವರಿಯಬಹುದು. ಬಿಡದೆ ಕೈಗೂ ಹೊಟ್ಟೆಗೂ ಹರಡಿದರೆ ಓಟವನ್ನು ನಿಲ್ಲಿಸಿ, ನೆರಳಿನಲ್ಲಿ ಕುಳಿತು ಉಪ್ಪಿನ ಪಾನೀಯವನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ತಲೆನೋವು, ವಾಕರಿಕೆ, ಬೆರಳಿನ ಬಾವು, ಮಾತಿನ ತೊದಲಿಕೆ ಇವು ಕಂಡರೆ ಒಂದು ಗುಟುಕು ನೀರನ್ನೂ ಕೊಡದೆ ಆಸ್ಪತ್ರೆಗೆ ಸಾಗಿಸಬೇಕು. ಬುದ್ಧಿಭ್ರಮಣೆಯೊಡನೆ ಮೈ ಸುಡುತ್ತಿದ್ದರೆ ಮಾತ್ರ, ಮೊದಲು ಕೈಗೆ ಸಿಕ್ಕಿದ ತಣ್ಣೀರನ್ನೆಲ್ಲ ಮೈಮೇಲೆ ಸುರಿದು ಕಾವನ್ನು ಇಳಿಸಿ, ಅನಂತರ ಸಾಗಿಸತಕ್ಕದ್ದು.