ಇಳಿಯುವುದಕ್ಕೂ ಬಲವಿರಲಿ

ಹೊಸಕೋಟೆಯ ಕೆರೆ ಏರಿಯ ಮೇಲೆ ಪ್ರತಿದಿನ ಮುಂಜಾನೆ ನಾಲ್ಕೈದು ಕಿಲೋಮೀಟರು ನಡೆಯುವ ನಾವು ಒಂಬತ್ತು ಮಂದಿ, ಕಳೆದ ಜನವರಿಯಲ್ಲಿ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಹೋಗಿದ್ದೆವು. ದಿನವೂ ನಡೆಯುವವರಿಗೆ ಬೆಟ್ಟವೇನು ಹೆಚ್ಚಿನದು ಎಂಬ ಧೈರ್ಯ ನಮ್ಮದಾಗಿತ್ತು. ಆ ಧೈರ್ಯದಲ್ಲಿದ್ದ ತಪ್ಪನ್ನು ಬೆಟ್ಟವು ಒಂದೇ ದಿನದಲ್ಲಿ ತೋರಿಸಿಕೊಟ್ಟಿತು. ಯಾತ್ರೆಗೆಂದೋ ಪ್ರವಾಸಕ್ಕೆಂದೋ ಬೆಟ್ಟ ಹತ್ತುವವರು ಓದುಗರಲ್ಲಿ ಅನೇಕರಿರುವುದರಿಂದ, ಆ ಅನುಭವವನ್ನೂ ಅದರ ಹಿಂದಿರುವ ದೇಹಧರ್ಮವನ್ನೂ ಇಲ್ಲಿ ವಿವರಿಸುತ್ತಿದ್ದೇವೆ.

1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯು ಕರ್ನಾಟಕದ ಅತ್ಯುನ್ನತ ಶಿಖರ. ತಪಸ್ವಿ ಮುಳ್ಳಪ್ಪಸ್ವಾಮಿಗಳ ಗದ್ದುಗೆ ಅದರ ನೆತ್ತಿಯ ಮೇಲಿದೆ. ಅದು ಸೇರಿರುವ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ, 250 ಕೋಟಿ ವರ್ಷಗಳಿಗೂ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸ ತಣಿದು ಉಂಟಾದ ಶಿಲೆಗಳಿವೆ. ಅವುಗಳೊಡನೆ ಕಬ್ಬಿಣದ ಅದಿರಿನ ಪದರಗಳೂ ಇವೆ. ಜ್ವಾಲಾಮುಖಿಯ ಬೆಂಕಿ ಆರಿ ಯುಗಗಳೇ ಕಳೆದಿವೆ. ಆದರೆ ಆ ನೆಲದ ಗುಣವನ್ನು ನಡೆಯುವವನ ಕಾಲು ಇಂದಿಗೂ ಅರಿಯುತ್ತದೆ. ನಮಗೆ ಹತ್ತಿರದ ನಂದಿ, ಶಿವಗಂಗೆಗಳಲ್ಲಿ ಗಟ್ಟಿಬಂಡೆಯೂ ಮೆಟ್ಟಿಲುಗಳೂ ಹೆಜ್ಜೆಗೆ ಆಧಾರ ಕೊಡುತ್ತವೆ. ಇಲ್ಲಿಯಾದರೋ ಪುಡಿಯಾದ ಕೆಂಪು ಜಲ್ಲಿ ಕಾಲಡಿಯಲ್ಲಿ ಜಾರುತ್ತದೆ. ಶೋಲಾ ಕಾಡೆಲ್ಲ ಕಣಿವೆಯ ಮಡಿಲಲ್ಲಿದ್ದು, ಬೆಟ್ಟದ ಏಣಿನ ಮೇಲೆ ಬರಿಯ ಹುಲ್ಲುಗಾವಲು. ಅಲ್ಲಿ ನೆರಳಿಲ್ಲ, ನೀರೂ ಇಲ್ಲ.

ಸರ್ಪದಾರಿಯ ಏರನ್ನು ಹತ್ತಿ, ಹತ್ತು ಗಂಟೆಯ ಸುಮಾರಿಗೆ ಶಿಖರ ತಲುಪಿದೆವು. ಎಲ್ಲರ ಮುಖದಲ್ಲೂ ಗೆಲವಿತ್ತು. ಅಲ್ಲಿಂದ ಬೆನ್ನಿನ ಚೀಲ ಹೊತ್ತು ಏಣಿನ ಮೇಲೆಯೇ ಬಾಬಾಬುಡನ್‌ಗಿರಿಯ ಕಡೆಗೆ ಸಾಗಿದೆವು. ಮಧ್ಯಾಹ್ನ ಮೂರು ಗಂಟೆಯ ವೇಳೆಗೆ, ಐವತ್ತು ದಾಟಿದ ನಮ್ಮ ಅಕ್ಕನವರೊಬ್ಬರು ಹಿಂದೆ ಬೀಳತೊಡಗಿದರು. ಕೇಳಿದಾಗಲೆಲ್ಲ "ಏನೂ ಇಲ್ಲ, ನಡೆಯಿರಿ" ಎಂಬುದೇ ಉತ್ತರ. ಒಂದು ಇಳಿಜಾರಿನಲ್ಲಿ ಅವರು ಎರಡು ಬಾರಿ ಎಡವಿ, ಮೂರನೆಯ ಬಾರಿ ಕುಸಿದು ಕುಳಿತರು. ತಲೆ ಸಿಡಿಯುತ್ತಿತ್ತು, ಮೀನಖಂಡ ಹಿಡಿದುಕೊಂಡಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಬೆಳಗಿನಿಂದ ಅವರು ಕುಡಿದ ನೀರು ಎರಡು ಲೋಟವನ್ನೂ ಮೀರಿರಲಿಲ್ಲ. ಬಯಲಿನಲ್ಲಿ ಮರೆಯಿಲ್ಲ, ಗಂಡಸರ ನಡುವೆ ನಿಲ್ಲಿರೆಂದು ಹೇಳುವುದು ಹೇಗೆ ಎಂಬ ಸಂಕೋಚದಿಂದ ಬಾಟಲಿಯನ್ನು ಮುಟ್ಟಿರಲಿಲ್ಲ. "ನನ್ನೊಬ್ಬಳಿಂದ ಎಲ್ಲರ ನಡಿಗೆ ಕೆಡುವುದು ಬೇಡವೆಂದು ಸುಮ್ಮನಿದ್ದೆ" ಎಂದರು.

ಅವರ ಚೀಲವನ್ನು ಹಂಚಿಕೊಂಡು, ಗಾಳಿಗೆ ಮರೆಯಾದ ಬಂಡೆಯ ಬಳಿ ಮಲಗಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕುಗುಟುಕಾಗಿ ಕುಡಿಸಿದೆವು. ಮುಕ್ಕಾಲು ಗಂಟೆಯ ನಂತರ ಚೇತರಿಸಿಕೊಂಡರು. ಅವರ ಹೆಜ್ಜೆಗೆ ನಮ್ಮ ಹೆಜ್ಜೆ ಕೂಡಿಸಿ ರಸ್ತೆ ಸೇರುವ ಹೊತ್ತಿಗೆ ಕತ್ತಲಾಗಿತ್ತು. ಒಂಬತ್ತು ಜನರಿಗೆ ಇದ್ದದ್ದು ಒಂದೇ ಟಾರ್ಚು. ಅವರು ಸಂಕೋಚಪಟ್ಟದ್ದು ಹೌದು. ಆದರೆ ದಿನವಿಡೀ ಒಮ್ಮೆಯೂ ಅವರಿಗೆ ಹೇಳಿಕೊಳ್ಳಲು ಅನುಕೂಲ ಮಾಡಿಕೊಡದಿದ್ದ ತಪ್ಪು ನಮ್ಮೆಲ್ಲರದು.

ಇನ್ನು ದೇಹದಲ್ಲಿ ನಡೆಯುವುದೇನೆಂಬುದನ್ನು ನೋಡೋಣ. ಸಾಮಾನ್ಯವಾಗಿ 2500 ಮೀಟರಿಗಿಂತ ಮೇಲೆ ಕಾಣುವ ಎತ್ತರದ ಕಾಯಿಲೆ ಈ ಬೆಟ್ಟಗಳಲ್ಲಿ ಬಾಧಿಸುವುದಿಲ್ಲ. ಇಲ್ಲಿನ ಏದುಸಿರಿಗೆ ಏರು, ಹೊರೆ ಮತ್ತು ಅಭ್ಯಾಸದ ಕೊರತೆಗಳೇ ಮುಖ್ಯ ಕಾರಣ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಏಣಿನ ತಂಪುಗಾಳಿ ಬೆವರನ್ನು ಆಗಿಂದಾಗಲೇ ಆರಿಸಿಬಿಡುವುದರಿಂದ, ನೀರು ಕಳೆದುಕೊಳ್ಳುತ್ತಿದ್ದೇವೆಂಬ ಅರಿವೇ ನಮಗಾಗುವುದಿಲ್ಲ. ನೀರು ಕಡಮೆಯಾದಂತೆ ರಕ್ತದ ಪ್ರಮಾಣ ತಗ್ಗಿ, ಹೃದಯ ಹೆಚ್ಚು ವೇಗವಾಗಿ ಬಡಿಯಬೇಕಾಗುತ್ತದೆ. ತಲೆನೋವು, ಆಯಾಸ, ಗಮನ ತಪ್ಪುವುದು ಇದರ ಫಲ.

ಹತ್ತುವುದಷ್ಟೇ ಕಷ್ಟ, ಇಳಿಯುವುದು ಸುಲಭವೆಂಬುದು ಅರ್ಧಸತ್ಯ. ಹತ್ತುವಾಗ ದುಡಿಯುವುದು ಉಸಿರು ಮತ್ತು ಹೃದಯ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕು. ಈ ಬಗೆಯ ದುಡಿಮೆಯಲ್ಲಿ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಹಾನಿಯಾಗುತ್ತದೆ. ಮರುದಿನವೂ ಅದರಾಚೆಯ ದಿನವೂ ಮೆಟ್ಟಿಲಿಳಿಯುವಾಗ ನೋವು ಹೆಚ್ಚುವುದು ಇದರಿಂದಲೇ. ದಣಿದ ತೊಡೆ ಮಂಡಿಯನ್ನು ಸರಿಯಾಗಿ ಹಿಡಿದು ನಿಲ್ಲಿಸಲಾರದು. ಜಾರುಜಲ್ಲಿಯ ಮೇಲೆ ಎಡವುವುದು ಆಗಲೇ. ಆದ್ದರಿಂದ ಶಿಖರವೆಂದರೆ ದಾರಿಯ ಅರ್ಧವೇ ಹೊರತು ಕೊನೆಯಲ್ಲ. ಬಲವನ್ನೆಲ್ಲ ಮೇಲೇರುವುದಕ್ಕೇ ಖರ್ಚು ಮಾಡಿದವನು ಇಳಿಯುವಾಗ ಸಾಲಗಾರನಾಗುತ್ತಾನೆ.

ಕಾಲವನ್ನು ಎಣಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ. ಸ್ಥೂಲವಾಗಿ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ 12 ಕಿಲೋಮೀಟರ್ ದೂರ ಮತ್ತು 600 ಮೀಟರ್ ಏರಿಗೆ ಸುಮಾರು ಮೂರೂವರೆ ಗಂಟೆ ಬೇಕು. ಅಭ್ಯಾಸವಿಲ್ಲದೆ ಹೊರೆ ಹೊತ್ತವರು ಅದರ ಒಂದೂವರೆ ಪಟ್ಟನ್ನು ಎಣಿಸಿ, ಊಟ ಮತ್ತು ವಿಶ್ರಾಂತಿಯ ಹೊತ್ತನ್ನು ಬೇರೆಯಾಗಿ ಸೇರಿಸಿಕೊಳ್ಳುವುದು ಕ್ಷೇಮ. ನಾವು ಇದನ್ನು ಎಣಿಸದೆ ಹೊರಟಿದ್ದೆವು.

ನೀರನ್ನು ಗಂಟೆಗೆ ಸುಮಾರು ಅರ್ಧ ಲೀಟರಿನಂತೆ ಸ್ವಲ್ಪಸ್ವಲ್ಪವಾಗಿ ಸೇವಿಸಬೇಕು. ಬರಿಯ ನೀರನ್ನೇ ಮಿತಿಮೀರಿ ಕುಡಿದರೂ ರಕ್ತದ ಉಪ್ಪಿನಂಶ ತಗ್ಗಿ ಅಪಾಯವಾಗುತ್ತದೆ. ಉಪ್ಪು ಬೆರೆತ ಮಜ್ಜಿಗೆ ಒಳ್ಳೆಯದು. ದಣಿದು ಬಿದ್ದವರಿಗೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲದೆಂದು ತಿಳಿಯಬೇಕು. ಆಹಾರವನ್ನು ಒಮ್ಮೆಲೇ ಹೊಟ್ಟೆತುಂಬ ಉಣ್ಣುವ ಬದಲು, ರಾಗಿ ಹುರಿಹಿಟ್ಟಿನ ಉಂಡೆ, ಬೆಲ್ಲ, ಹುರಿದ ಕಡಲೆಕಾಯಿಗಳನ್ನು ಗಂಟೆಗೊಮ್ಮೆ ತುಸು ತಿನ್ನುವುದು ಲೇಸು. ಒಂದು ದಿನದ ನಡಿಗೆಗೆ ಚೀಲದ ಭಾರ ದೇಹತೂಕದ ಹತ್ತನೆಯ ಒಂದು ಭಾಗವನ್ನು ಮೀರದಿರಲಿ.

ನಡಿಗೆಯ ವೇಗಕ್ಕೆ ಸುಲಭವಾದ ಅಳತೆಯೊಂದಿದೆ: ಜೊತೆಯವರೊಡನೆ ಮಾತನಾಡುವಷ್ಟು ಉಸಿರು ಉಳಿದಿರಬೇಕು. ಮಾತು ತುಂಡುತುಂಡಾದರೆ ವೇಗ ತಗ್ಗಿಸಬೇಕು. ಇಳಿಯುವಾಗ ಹೆಜ್ಜೆ ಚಿಕ್ಕದಾಗಿ, ಮಂಡಿ ತುಸು ಬಾಗಿರಲಿ. ಊರುಗೋಲು ಮಂಡಿಯ ಭಾರವನ್ನು ಹಗುರಗೊಳಿಸುತ್ತದೆ. ಹೊರಡುವ ಆರು ವಾರ ಮೊದಲಿನಿಂದ ವಾರಕ್ಕೆರಡು ಬಾರಿ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಅಗತ್ಯ. ಸಮತಟ್ಟಾದ ಕೆರೆ ಏರಿಯ ನಡಿಗೆಯೊಂದೇ ತೊಡೆಯನ್ನು ಇಳಿಜಾರಿಗೆ ಸಿದ್ಧಗೊಳಿಸುವುದಿಲ್ಲ. ಮಧುಮೇಹಿಗಳು, ರಕ್ತದೊತ್ತಡದವರು, ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಇರಲೇಬೇಕು. ಎದೆನೋವು, ತಡವರಿಸುವ ಮಾತು, ಗೊಂದಲ, ಪ್ರಜ್ಞೆ ತಪ್ಪುವುದು, ಮೈ ಕೆಂಡದಂತೆ ಸುಡುವುದು, ಇವು ವಿಶ್ರಾಂತಿಯಿಂದ ತೀರುವ ದಣಿವಲ್ಲ. ಕೂಡಲೇ 108ಕ್ಕೆ ಕರೆಮಾಡಿ ನೆರವು ಪಡೆಯಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಈಗ ನಮ್ಮ ಗುಂಪು ಮೂರು ನಿಯಮಗಳನ್ನು ಪಾಲಿಸುತ್ತಿದೆ. ಒಂದೂವರೆ ಗಂಟೆಗೊಮ್ಮೆ, ಯಾರೂ ಕೇಳದಿದ್ದರೂ, ಎಲ್ಲರೂ ನಿಲ್ಲುವುದು. ಆಗ ಗಂಡಸರು ಮುಂದೆ ಹೋಗಿ ನಿಂತು, ಹೆಣ್ಣುಮಕ್ಕಳಿಗೆ ಮರೆಗೆಂದು ತಂದ ಹಳೆಯ ಸೀರೆಯನ್ನು ಬಿಟ್ಟುಹೋಗುವುದು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರೇ ಮುಂದಿರುವುದು. ಮಧ್ಯಾಹ್ನ ಹನ್ನೆರಡಾದರೆ, ಎಲ್ಲಿದ್ದರೂ ಉಳಿದ ದಾರಿ, ಉಳಿದ ನೀರು, ಉಳಿದ ಬೆಳಕುಗಳನ್ನು ಎಣಿಸಿ, ಸಾಲದೆಂದರೆ ಹಿಂದಿರುಗುವುದು.

ದಣಿವು ಅವಮಾನವಲ್ಲ. ಅದು ದೇಹವು ಆಡುವ ಮಾತು. ಅದನ್ನು ಹೇಳುವುದು ದಣಿದವರ ಕರ್ತವ್ಯ, ಹೇಳಲು ಆಸ್ಪದ ಕೊಡುವುದು ಜೊತೆಯವರ ಕರ್ತವ್ಯ. ಅಕ್ಕನವರು ಈಗಲೂ ಕೆರೆ ಏರಿಯ ಮೇಲೆ ನಮ್ಮೊಡನೆ ನಡೆಯುತ್ತಾರೆ. ವಾರಕ್ಕೆರಡು ದಿನ ಮೆಟ್ಟಿಲ ಅಭ್ಯಾಸವೂ ಇದೆ. ಬರುವ ಚಳಿಗಾಲದಲ್ಲಿ ಅದೇ ಏಣಿನ ಮೇಲೆ ನಡೆಯಬೇಕೆಂಬುದು ಅವರ ಅಪೇಕ್ಷೆ. ಈ ಬಾರಿ ಸಾಲಿನಲ್ಲಿ ಮುಂದೆ ನಡೆಯುವವರು ಅವರೇ.