ಕರೆಂಟ್ ಹುಟ್ಟಿಸೋಕೂ ಕರೆಂಟ್ ಬೇಕು!

ನಿಟ್ಟುವಳ್ಳಿಯಲ್ಲಿ ಕರೆಂಟ್ ಹೋದರೆ ಅಂಗಡಿಯವರು ಜನರೇಟರಿನ ಹಗ್ಗ ಎಳೆಯುತ್ತಾರೆ, ಬೆಳಕಾಗುತ್ತದೆ. ಬೆಂಗಳೂರಿನ ಯಲಹಂಕದಲ್ಲಿರುವ ಕೆಪಿಸಿಎಲ್‌ನ 370 ಮೆಗಾವಾಟ್ ಸ್ಥಾವರದ ಗ್ಯಾಸ್ ಟರ್ಬೈನಿಗೆ ಯಾರು ಹಗ್ಗ ಎಳೆಯಬೇಕು ಹೇಳಿ?

ನಿಂತ ಟರ್ಬೈನಿಗೆ ಸುಮ್ಮನೆ ಬೆಂಕಿ ಹಚ್ಚಿದರೆ ಅದು ಓಡುವುದಿಲ್ಲ. ಮೊದಲು ಕಂಪ್ರೆಸರ್ ಗಾಳಿ ಒತ್ತಬೇಕು. ಟರ್ಬೈನ್ ದುಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಈ ಕಂಪ್ರೆಸರೇ ನುಂಗುತ್ತದೆ! ಹಾಗಾಗಿ ಸುಮಾರು ಅರ್ಧ ವೇಗ ದಾಟುವವರೆಗೂ ಹೊರಗಿನಿಂದ ತಳ್ಳುತ್ತಲೇ ಇರಬೇಕು. ಚಿಕ್ಕ ಯಂತ್ರಗಳಿಗೆ ಮೋಟಾರು ಅಥವಾ ಡೀಸೆಲ್ ಎಂಜಿನ್ ಸಾಕು. ದೊಡ್ಡವುಗಳಲ್ಲಿ ಬಳಸುವ ಉಪಾಯ ನನಗೆ ಬಲು ಇಷ್ಟ: ಜನರೇಟರಿಗೇ ಕರೆಂಟ್ ಕೊಟ್ಟು, ಫ್ರೀಕ್ವೆನ್ಸಿಯನ್ನು ಮೆಲ್ಲಗೆ ಏರಿಸುತ್ತಾ ಅದನ್ನೇ ಮೋಟಾರಿನಂತೆ ತಿರುಗಿಸುತ್ತಾರೆ.

2012ರ ಜುಲೈನಲ್ಲಿ ಉತ್ತರ ಭಾರತದಲ್ಲಾದಂತೆ ಗ್ರಿಡ್ಡೇ ಮಲಗಿದರೆ? ಆಗ ಸ್ಥಾವರದ ಡೀಸೆಲ್ ಜನರೇಟರ್ ಮೊದಲು ಏಳಬೇಕು, ಇಲ್ಲವೇ ಯಾವುದೋ ಜಲವಿದ್ಯುತ್ ಕೇಂದ್ರದಿಂದ ತಂತಿಯಲ್ಲಿ ಕರೆಂಟ್ ಹರಿದು ಬರಬೇಕು.